ಬಿಸಿಲು ಕಾಣದ ಬಟ್ಟೆಯೂ ನನ್ನ ಬಿ.ಎ.ಯೂ

ಚಳ್ಳಕೆರೆಯಲ್ಲಿ ಆಗ ಬಿ.ಎ. ಪಾಸಾದ ಹೆಂಗಸು ಎಂದರೆ ನಾನೊಬ್ಬಳೇ. ಹೆಣ್ಣುಮಕ್ಕಳ ಸ್ಕೂಲಿಗೆ ಹೆಡ್ಮಿಸ್ಟ್ರೆಸ್ ಬೇರೆ. ಆದ್ದರಿಂದ, ಹೆಂಗಸರು ಹೆಸರು ಹೇಳದ ಜಾಗದಲ್ಲಿ ನವೆ ಶುರುವಾದಾಗ ನಾನು ಹೆದರಲಿಲ್ಲ. ಓದಿದವಳಿಗೆ ಪುಸ್ತಕ ಇದೆಯಲ್ಲ!

ಅದು ಎಷ್ಟು ದಿನ ಕಾಡಿತೆಂದು ಆಣೆಯಿಟ್ಟು ಹೇಳಲಾರೆ. ನೆನಪು ಎರಡು ತಿಂಗಳು ಎನ್ನುತ್ತದೆ. ದಿನಚರಿಯಲ್ಲಿ ಮೂರು ವಾರ ಎಂದಿದೆ. ದಿನಚರಿ ಬರೆದವಳೂ ನಾನೇ ಆದ್ದರಿಂದ ಅದನ್ನೂ ಪೂರ್ತಿ ನಂಬುವುದಿಲ್ಲ. ಅಷ್ಟೂ ದಿನ ಭೂಗೋಳವನ್ನು ಕೂರದೆ, ನಡೆದಾಡುತ್ತಲೇ ಪಾಠ ಮಾಡಿದ್ದಂತೂ ನಿಜ. ಟೀಚರಮ್ಮ ಎಷ್ಟು ಚುರುಕು ಎಂದು ಹುಡುಗಿಯರು ಹೊಗಳಿಕೊಂಡರು.

ಮೊದಲು ಅತ್ತೆಗೆ ಹೇಳಿದೆ. ಉಷ್ಣ ಎಂದು ತೀರ್ಪು ಕೊಟ್ಟು, ನೆತ್ತಿಗೆ ಹರಳೆಣ್ಣೆ ತಟ್ಟಿ, ಮೆಂತ್ಯದ ಮಜ್ಜಿಗೆ ಕುಡಿಸಿದರು. ನೆತ್ತಿ ತಣ್ಣಗಾಯಿತು. ನವೆ ನೆತ್ತಿಯಲ್ಲಿರಲಿಲ್ಲ.

ಆಮೇಲೆ ಸ್ಕೂಲಿನ ಬೀರುವಿನಿಂದ ಇಂಗ್ಲಿಷ್ ವೈದ್ಯದ ದಪ್ಪ ಪುಸ್ತಕ ತಂದೆ. ನವೆ, ಉರಿ, ಒಡೆದ ಹಾಲಿನಂಥ ಬಿಳಿ ಸೆರಗು ಎಂದು ನನ್ನ ಲಕ್ಷಣಗಳನ್ನೆಲ್ಲ ಪಟ್ಟಿ ಮಾಡಿ, ಸರಿಯಾದ ಅಧ್ಯಾಯ ಬಿಟ್ಟು ತಪ್ಪು ಅಧ್ಯಾಯ ತೆರೆದೆ. ಅಲ್ಲಿದ್ದದ್ದು ದುರ್ನಡತೆಯ ಗಂಡಸರು ಮನೆಗೆ ತರುವ ರೋಗಗಳ ವಿಚಾರ. ನನ್ನ ಯಜಮಾನರು ಸರ್ವೆ ಇಲಾಖೆಯವರು. ತಿಂಗಳಲ್ಲಿ ಹತ್ತು ದಿನ ಮೊಳಕಾಲ್ಮೂರು, ದೇವಸಮುದ್ರದ ಕಡೆ ಸುತ್ತಾಟ. ಇನ್ನೇನು ಬೇಕು! ಆ ಕ್ಷಣವೇ ಅವರೊಂದಿಗೆ ಮಾತು ಬಿಟ್ಟೆ.

ಮಾತು ಬಿಟ್ಟರೂ ಚಿಕಿತ್ಸೆ ಬಿಡಲಿಲ್ಲ. ದಿನಕ್ಕೆ ಮೂರು ಸಲ ಕಾರ್ಬಾಲಿಕ್ ಸೋಪು. ಅದು ಸಾಲದೆಂದು ಸೀಗೆಪುಡಿ. ಬೆಂಕಿಗೆ ಎಣ್ಣೆ ಸುರಿದಂತಾಯಿತು. ಒಳಬಟ್ಟೆಗಳನ್ನೂ ದಿನಕ್ಕೆ ಮೂರು ಸಲ ಒಗೆದೆ. ಒಗೆದದ್ದನ್ನು ಒಣಗಿಸಿದ್ದು ಮಾತ್ರ ಮನೆತನದ ಪದ್ಧತಿಯಂತೆ: ಬಚ್ಚಲ ಹಿಂದಿನ ಕತ್ತಲ ಮೂಲೆಯಲ್ಲಿ, ಹಳೇ ಸೀರೆಯ ಅಡಿಯಲ್ಲಿ, ಗಂಡಸರ ಕಣ್ಣಿಗೂ ಸೂರ್ಯನ ಕಣ್ಣಿಗೂ ಬೀಳದಂತೆ. ಹಂಚಿನ ಮೇಲೆ ಹಪ್ಪಳ ಸುಡುವಷ್ಟು ಬಿಸಿಲಿರುವ ಊರಿನಲ್ಲಿ ನಾನು ಸದಾ ಹಸಿ ಬಟ್ಟೆ ಉಡುತ್ತಿದ್ದೆ.

ಕೊನೆಗೆ, ಮೊಳಕಾಲ್ಮೂರಿಗೆ ಒಬ್ಬ ಲೇಡಿ ಡಾಕ್ಟರ್ ಬಂದಿದ್ದಾರೆಂದು ಕೇಳಿದೆ. ಅಲ್ಲಿ ನನ್ನ ಗುರುತು ಯಾರಿಗೂ ಇಲ್ಲ. ನನ್ನ ಅನುಮಾನಕ್ಕೆ ಅವರು ಹೌದು ಎಂದುಬಿಟ್ಟರೆ ಅಲ್ಲಿಂದಲೇ ಬಳ್ಳಾರಿಯ ತವರಿಗೆ ಹೋಗಿ ಮತ್ತೆ ಈ ಮನೆಯ ಹೊಸಿಲು ತುಳಿಯಬಾರದೆಂದು ತೀರ್ಮಾನಿಸಿ ಟ್ರಂಕು ತುಂಬಿದೆ. ರೇಷ್ಮೆ ಸೀರೆ ಕೊಳ್ಳಲು ಹೊರಟಿದ್ದೇನೆ ಎಂದು ಅತ್ತೆಗೆ ಸುಳ್ಳು ಹೇಳಿದೆ.

"ಒಂದು ಸೀರೆ ತರಾಕೆ ಟ್ರಂಕು ಯಾಕವ್ವಾ?" ಎಂದರು. ಟ್ರಂಕನ್ನು ಮೊದಲು ಏರಿಸಿ ಗಾಡಿ ಹತ್ತಿದೆ. ಆ ಕಾಯಿಲೆ ಇಟ್ಟುಕೊಂಡು ಎತ್ತಿನ ಗಾಡಿಯಲ್ಲಿ ಮೊಳಕಾಲ್ಮೂರಿನವರೆಗೆ ಕೂರುವುದನ್ನು ಯಾವ ಶತ್ರುವಿಗೂ ಹಾರೈಸುವುದಿಲ್ಲ.

ಡಾಕ್ಟರಮ್ಮ ಪರೀಕ್ಷಿಸಿ ಕೈ ತೊಳೆದರು. ನಾನು ಗಂಭೀರವಾಗಿ, ಯಜಮಾನರ ನಡತೆಯ ವಿಷಯ ಮುಚ್ಚಿಡಬೇಕಾಗಿಲ್ಲ, ಸತ್ಯ ಕೇಳಲು ಸಿದ್ಧಳಾಗಿದ್ದೇನೆ ಎಂದೆ.

"ಅವರ ನಡತೆ ನನಗೆ ಗೊತ್ತಿಲ್ಲಮ್ಮ. ಇದಂತೂ ಬರೀ ಬೂಷ್ಟು," ಎಂದರು. "ಹೆಚ್ಚಿನ ಹೆಂಗಸರಿಗೆ ಒಂದಲ್ಲ ಒಂದು ಸಲ ಬರುತ್ತೆ. ಮದುವೆ ಆಗದವರಿಗೂ ಬರುತ್ತೆ."

ಅದು ಮೈಯಲ್ಲಿ ಯಾವಾಗಲೂ ಚೂರುಪಾರು ಇದ್ದೇ ಇರುತ್ತದಂತೆ. ಬಸುರಿಯರಲ್ಲಿ, ಸಿಹಿಮೂತ್ರದವರಲ್ಲಿ ಸುಲಭವಾಗಿ ಹೆಚ್ಚುತ್ತದಂತೆ. ಬೆವರು, ಹಸಿ ಬಟ್ಟೆ ಸಿಕ್ಕರೂ ಹಬ್ಬುತ್ತದಂತೆ. ಖಾರದ ಸೋಪಿನಿಂದ ಉಜ್ಜಿದರೆ ಮೈಯ ಹದವೇ ಕೆಟ್ಟು ಇನ್ನೂ ಜೋರಾಗುತ್ತದಂತೆ. ಆ ಪಟ್ಟಿಯಲ್ಲಿ ಬಸಿರು, ಸಿಹಿಮೂತ್ರ ಎರಡನ್ನು ಬಿಟ್ಟು ಮಿಕ್ಕಿದ್ದನ್ನೆಲ್ಲ ನಾನು ಶ್ರದ್ಧೆಯಿಂದ ಮಾಡಿದ್ದೆ. ಡಾಕ್ಟರಮ್ಮ ಬಿಳಿಗಾರದ ಮದ್ದು ಕೊಟ್ಟು, ಸೋಪು ಬಿಡಿಸಿ, ಒಳಬಟ್ಟೆಯನ್ನು ಬಿಸಿಲಿಗೆ ಹಾಕಲು ಹೇಳಿದರು. ಟ್ರಂಕು ಬಳ್ಳಾರಿಗೆ ಹೋಗಲಿಲ್ಲ.

ಊರಿಗೆ ಬಂದವಳೇ ಮನೆ ಮುಂದಿನ ಬೇವಿನ ಮರದಿಂದ ದನದ ಗೂಟಕ್ಕೆ ಹಗ್ಗ ಕಟ್ಟಿ, ನನ್ನ ಒಳಬಟ್ಟೆ, ತಿಂಗಳ ಬಟ್ಟೆ ಎಲ್ಲವನ್ನೂ ಸಾಲಾಗಿ ನೇತುಹಾಕಿದೆ. ಅತ್ತೆ ಬಾಗಿಲಲ್ಲೇ ಕುಸಿದು ಕೂತರು.

"ಬೀದಿ ಗಂಡಸರ ಕಣ್ಣಿಗೆ ಬಿದ್ರೆ ಏನೇ ಗತಿ?"

"ಬೀಳ್ಲಿ ಅತ್ತೆ. ಅವರ ಲಂಗೋಟಿ ದಿನಾ ನಮ್ಮ ಕಣ್ಣಿಗೆ ಬೀಳಲ್ವಾ? ನಮಗೇನಾಗೈತೆ?"

ಅತ್ತೆ ಎರಡು ಸಲ ಕಿತ್ತು ಹಾಕಿದರು. ಎರಡು ಸಲವೂ, ನನ್ನ ನವೆಯನ್ನೂ ಡಾಕ್ಟರಮ್ಮನ ಮಾತನ್ನೂ ಪಕ್ಕದ ಮನೆಗೆ ಕೇಳುವಷ್ಟು ಜೋರಾಗಿ ಹೇಳುತ್ತಾ ಮತ್ತೆ ಕಟ್ಟಿದೆ. ದಾರಿಹೋಕರು ತಲೆ ತಗ್ಗಿಸಿ ನಡೆದರು. ತಗ್ಗಿಸಲಿ, ಕತ್ತಿಗೆ ವ್ಯಾಯಾಮ. ಮೂರನೆಯ ದಿನ, ಪಕ್ಕದ ಮನೆಯಲ್ಲಿ ಕುರಿ ಸಾಕುವ ಗಂಗವ್ವ ಸೆರಗಿನಲ್ಲಿ ಏನನ್ನೋ ಮುಚ್ಚಿಕೊಂಡು ಬಂದಳು.

"ನನಗೂ ಹದಿನೈದು ದಿನದಿಂದ ಅದೇ ಐತೆ ಟೀಚರಮ್ಮ. ನಿಮ್ಮ ಹಗ್ಗದಾಗೆ ಜಾಗ ಐತಾ?"

ಮರುದಿನ ಹಗ್ಗದ ತುದಿಯಲ್ಲಿ, ನನ್ನದೂ ಅಲ್ಲದ ಗಂಗವ್ವನದೂ ಅಲ್ಲದ ಒಂದು ಹಳೆಯ ಬಟ್ಟೆ ಒಣಗುತ್ತಿತ್ತು. ಅತ್ತೆ ನನ್ನ ಮುಖ ನೋಡದೆ ಅಕ್ಕಿ ಆರಿಸುತ್ತಲೇ, ಮೂವತ್ತು ವರ್ಷದಿಂದ ಬರ್ತಾ ಹೋಗ್ತಾ ಐತೆ, ಯಾರಿಗೆ ಹೇಳೋದು ಎಂದರು. ಇಷ್ಟು ದಿನ ನಾವು ಮೂವರೂ ಒಂದೇ ಗೋಡೆಯ ಆಚೆ ಈಚೆ ತುಟಿ ಕಚ್ಚಿಕೊಂಡು ಬದುಕಿದ್ದೆವು. ಇದರಲ್ಲಿ ನಾಚಬೇಕಾದವರು ಯಾರೋ ನನಗೆ ಗೊತ್ತಿಲ್ಲ, ನಾವಂತೂ ಅಲ್ಲ.

ನಾನು ನಾಚಬೇಕಾದದ್ದು ಬೇರೆ ಇತ್ತು. ಸಂಜೆ ಯಜಮಾನರು ಸುತ್ತಾಟ ಮುಗಿಸಿ ಬಂದು, ಆ ಬಟ್ಟೆಗಳ ಕೆಳಗೆ ಬಗ್ಗಿ ಒಳಗೆ ಕಾಲಿಟ್ಟರು. ನಾನು ಎದ್ದು ನಿಂತು, ಅವರ ಮೇಲೆ ಹೊರಿಸಿದ್ದ ಆರೋಪ, ಬಳ್ಳಾರಿಯ ಟ್ರಂಕು, ಡಾಕ್ಟರಮ್ಮನ ತೀರ್ಪು ಎಲ್ಲವನ್ನೂ ಒಪ್ಪಿಸಿದೆ. ಅವರ ಮುಖ ಸಣ್ಣದಾಯಿತು. ಅದನ್ನು ನೋಡಿ ನವೆಗಿಂತ ಹೆಚ್ಚು ಸಂಕಟವಾಯಿತು. ಇಷ್ಟು ದಿನ ಮಾತು ಬಿಟ್ಟಿದ್ದಕ್ಕಾದರೂ ಕ್ಷಮಿಸಿ ಎಂದೆ.

"ಮಾತು ಬಿಟ್ಟಿದ್ಯಾ?" ಎಂದರು, ನಿಜವಾಗಿಯೂ ಆಶ್ಚರ್ಯದಿಂದ. "ಪರೀಕ್ಷೆ ಪೇಪರ್ ತಿದ್ತಾ ಇದೀಯ ಅಂದ್ಕೊಂಡು ನಾನೇ ಸದ್ದು ಮಾಡದೆ ಓಡಾಡ್ತಿದ್ದೆ."

ನನ್ನ ಬಾಳಿನ ಅತಿ ಘೋರ ಯುದ್ಧದ ಸುದ್ದಿ ಶತ್ರುವಿಗೆ ತಲುಪಿಯೇ ಇರಲಿಲ್ಲ.