ಲಿಫ್ಟಿನಲ್ಲಿ ಬಿಡಿಸಿದ ಅವರೆಕಾಯಿ

ಹೆಂಡತಿ ತೀರಿಹೋದ ಮೇಲೆ ಮಾತಿನ ಹಸಿವು ಮನುಷ್ಯನನ್ನು ಎಲ್ಲಿಗೆ ತಂದು ನಿಲ್ಲಿಸುತ್ತದೆ ಎನ್ನುವುದನ್ನು ನಾಚಿಕೆ ಬಿಟ್ಟು ಹೇಳುತ್ತೇನೆ. ಈ ಪದ್ಮನಾಭನಗರದಲ್ಲೇ ತಲೆ ಬೆಳ್ಳಗಾದ ನಾನು, ಬಸ್ ಸ್ಟಾಪಿನಲ್ಲಿ ನಿಂತು ಹೋಗುವವರನ್ನೆಲ್ಲ "ಬನಶಂಕರಿಗೆ ಯಾವ ಬಸ್ಸು?" ಎಂದು ಕೇಳುತ್ತಿದ್ದೆ. ಒಬ್ಬ ಪುಣ್ಯಾತ್ಮ ಕೈ ಹಿಡಿದು ಹತ್ತಿಸಿಯೇ ಬಿಟ್ಟ. ಬನಶಂಕರಿಗೆ ಹೋಗಿ, ಒಂದು ಲೋಟ ಕಾಫಿ ಕುಡಿದು ವಾಪಸು ಬಂದೆ.

ಇಂಥ ನನಗೆ ಈ ಚಳಿಗಾಲದಲ್ಲಿ ಒಂದು ಭಾಗ್ಯ ಒದಗಿತು: ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟ್ ಎರಡು ಮಹಡಿಗಳ ನಡುವೆ ಕೆಟ್ಟು ನಿಂತಿತು! ಒಳಗೆ ನಾನು, ಚೀಲದ ತುಂಬ ಸೊಗಡಿನ ಅವರೆಕಾಯಿ, ಮತ್ತು ಮೇಲಿನ ಮಹಡಿಯ ಪಾಟೀಲರು. ಧಾರವಾಡದ ಕಡೆಯವರು, ನನ್ನ ಹಾಗೇ ಒಬ್ಬರೇ. ಅವರು ಬಾಡಿಗೆಗೆ ಬಂದಾಗಿನಿಂದ ಇಬ್ಬರೂ ಲಿಫ್ಟಿನ ಅಂಕಿ ನೋಡುತ್ತ ನಿಲ್ಲುತ್ತಿದ್ದೆವೇ ಹೊರತು ಒಂದು ಮಾತಿಲ್ಲ. ಭಾರಿ ಜಂಬದ ಮನುಷ್ಯ ಎಂದು ನಾನು ತೀರ್ಮಾನಿಸಿದ್ದೆ.

"ಟೆನ್ಶನ್ ತಗೋಬೇಡಿ ಸಾರ್, ಮೆಕ್ಯಾನಿಕ್ ಬರ್ತಾವ್ನೆ!" ಎಂದು ವಾಚ್‌ಮನ್ ಹೊರಗಿನಿಂದ ಕೂಗಿದ.

ಪಾಟೀಲರು ಬಾಗಿಲಿನ ಸಂದಿಗೆ ಮುಖ ಒತ್ತಿ ನಿಂತರು. "ನನಗ ಇಕ್ಕಟ್ಟಿನ್ಯಾಗ ಭಾಳ ಅಂಜಿಕಿ ಬರ್ತದ್ರಿ" ಎಂದರು. ಏನೂ ತೋಚದೆ, "ಕೂತ್ಕೊಳ್ಳಿ ಸಾರ್, ಅವರೆಕಾಯಿ ಬಿಡಿಸೋಣ" ಎಂದುಬಿಟ್ಟೆ!

ಪೇಪರ್ ಹಾಸಿ ಕೂತೆವು. ಮೊದಲ ಕಾಯಿಯಲ್ಲೇ ಹುಳ! ಪಾಟೀಲರು ಕಿಟಾರನೆ ಕಿರುಚಿ, ಆಮೇಲೆ ತಾವೇ ನಗತೊಡಗಿದರು. ಅಲ್ಲಿಂದ ಶುರುವಾಯಿತು ನೋಡಿ! ತೀರಿಕೊಂಡ ಅವರ ಹೆಂಡತಿ ಮಾಡುತ್ತಿದ್ದ ಎಣ್ಣೆಗಾಯಿ, ನನ್ನವಳ ಹಿತಕಿದ ಬೇಳೆ ಸಾರು, ಅವರ ಮಂಡಿ, ನನ್ನ ಬೆನ್ನು. "ನಿಮಗ ಭಾಳ ಸೊಕ್ಕು ಅಂತ ತಿಳ್ಕೊಂಡಿದ್ದೆ" ಎಂದು ಅವರು ಹೇಳಿದಾಗ ನನಗೆ ಕುಣಿಯುವಷ್ಟು ಖುಷಿ. ಆಮೇಲೆ ಇನ್ನೊಂದು ಕಾಯಿ ಬಿಡಿಸುತ್ತ, "ಎಷ್ಟೋ ದಿನದ ಮ್ಯಾಲೆ ನನ್ನ ಧ್ವನಿ ನನಗ ಕೇಳಿಸ್ತು ನೋಡ್ರಿ" ಎಂದರು. ನಾನು ಇನ್ನೊಂದು ಹಿಡಿ ಕಾಯಿ ಅವರ ಮುಂದೆ ಸುರಿದೆ.

ಧಡಕ್ಕನೆ ಬಾಗಿಲು ತೆರೆಯಿತು. ಮೆಕ್ಯಾನಿಕ್, ವಾಚ್‌ಮನ್, ನೀರಿನ ಬಾಟಲಿ ಹಿಡಿದ ಅಕ್ಕಪಕ್ಕದವರು. "ಅಂಕಲ್, ಏನೂ ಆಗಿಲ್ಲ ತಾನೆ?"

ಪಾಟೀಲರು ತಲೆಯನ್ನೇ ಎತ್ತಲಿಲ್ಲ. "ಇಷ್ಟ್ಯಾಕ ಅವಸರ ಮಾಡಿದ್ರಿ? ಇನ್ನೂ ಅರ್ಧಾ ಉಳದದ."

ಉಳಿದದ್ದನ್ನು ಅವರ ಮನೆಯಲ್ಲಿ ಬಿಡಿಸಿದೆವು. ಈಗ ಸಂಜೆಯಾದರೆ ಇಬ್ಬರದೂ ಒಂದೇ ಅಡುಗೆ, ಉಪ್ಪಿನ ಬಗ್ಗೆ ದಿನವೂ ಜಗಳ. ಮೊನ್ನೆ ಮೈಸೂರಿನಿಂದ ಮಗಳು ಫೋನ್ ಮಾಡಿ, "ಅಪ್ಪಾ, ಒಬ್ಬರಿಗೇ ಬೇಜಾರಾಗತ್ತಾ?" ಎಂದಳು. "ಸ್ವಲ್ಪ ಬಿಜಿ ಇದ್ದೀನಮ್ಮ, ಆಮೇಲೆ ಮಾಡ್ತೀನಿ" ಎಂದು ಇಟ್ಟೆ. ನಿಜ ಹೇಳಬೇಕೆಂದರೆ, ಆಗ ಪಾಟೀಲರೂ ಇರಲಿಲ್ಲ, ನನಗೆ ಕೆಲಸವೂ ಇರಲಿಲ್ಲ. ಹಾಗೆ ಹೇಳಿ ನೋಡಬೇಕೆಂದು ಬಹಳ ದಿನದಿಂದ ಆಸೆಯಿತ್ತು, ಅಷ್ಟೆ!