ಆಡದ ತಂಡಕ್ಕೆ ಒಂಬತ್ತನೇ ಸ್ಥಾನ ಕೊಟ್ಟವರಿಗೆ

ಪ್ರೌಢಶಾಲಾ ಲ್ಯಾಕ್ರಾಸ್ ಶ್ರೇಯಾಂಕ ಸಮಿತಿಯ ಅಧ್ಯಕ್ಷರೂ ಆಟ ನೋಡದೆಯೇ ಆಟಗಾರರನ್ನು ಅಳೆಯಬಲ್ಲ ದಿವ್ಯದೃಷ್ಟಿಯುಳ್ಳವರೂ ಆದ ಶ್ರೀ ಗ್ರೇಡನ್ ವಿದರ್ಸ್ ಅವರಿಗೆ, ಹದಿನೆಂಟು ವರ್ಷಗಳಿಂದ ಆಕ್ಸ್‌ಬೋ ಶಾಲೆಯ ಮೈದಾನದಲ್ಲಿ ಅಂಕ ಬರೆಯುತ್ತಿರುವ ವೆರ್ನಾ ಪ್ರಿಂಟಪ್ ಮಾಡುವ ನಮಸ್ಕಾರಗಳು.

ಮಾನ್ಯರೇ, ನಮ್ಮ ಹೊಳೆದಂಡೆಯ ಏಳು ಶಾಲೆಗಳ ಕೂಟದಲ್ಲಿ 'ಪ್ರತಿಭೆಯ ಮಟ್ಟ ತೀರಾ ಸಾಧಾರಣ' ಎಂದೂ, ಆದ್ದರಿಂದ ಇಲ್ಲಿ ಗೆದ್ದ ತಂಡಕ್ಕೆ ಈ ವರ್ಷದಿಂದ ರಾಜ್ಯ ಪಂದ್ಯಾವಳಿಗೆ ನೇರ ಪ್ರವೇಶ ಬೇಡವೆಂದೂ ತಾವು ಹೊರಡಿಸಿದ ತೀರ್ಪನ್ನು ಓದಿ ಧನ್ಯಳಾದೆ. ಗುರುವಾರದ ಸಭೆಯಲ್ಲಿ ಅದಕ್ಕೆ ಮುದ್ರೆ ಬೀಳಲಿದೆಯಂತೆ. ಈ ಸಲ ಕೂಟ ಗೆದ್ದವರು ನಾವೇ. ಗೋಲು ಕಾಯುವವನು ನನ್ನ ಮೊಮ್ಮಗ ಎಲ್ವುಡ್, ಅವನಿಗಿದು ಶಾಲೆಯ ಕೊನೆಯ ವರ್ಷ. ನನಗೆ ಹೊಟ್ಟೆ ಉರಿಯುತ್ತಿದೆ ಎಂಬುದನ್ನು ಮುಚ್ಚಿಡುವುದಿಲ್ಲ.

ತಮ್ಮ ಶ್ರೇಯಾಂಕ ಪಟ್ಟಿಯಲ್ಲಿ ನಮಗೆ ಹನ್ನೊಂದನೇ ಸ್ಥಾನ, ಗುಡ್ಡದ ಮೇಲಿನ ಕೂಟದ ಲಿಂಡೆಲ್ ಶಾಲೆಗೆ ಒಂಬತ್ತನೆಯದು. ಹುಡುಗರು ಸಾಲದೆ ಲಿಂಡೆಲ್ ತಂಡ ಮುಚ್ಚಿ ಎರಡು ವಸಂತಗಳು ಕಳೆದಿವೆ. ಊರಿನ ಹೋಟೆಲಿನಲ್ಲಿ ಮೊಟ್ಟೆ ಹುರಿಯುವ ಕ್ಲಿಯೋ ಇದನ್ನು ಕೇಳಿ, "ಅಲ್ಲಾ ವೆರ್ನಕ್ಕ, ಇಲ್ದೇ ಇರೋ ತಂಡ ನಮ್ಮ ತಲೆ ಮೇಲೆ ಕೂತಿದ್ಯಲ್ಲೇ! ನಾವೂ ಆಡೋದು ಬಿಟ್ರೆ ಮೊದಲ್ನೇ ಸ್ಥಾನ ಸಿಗುತ್ತೇನೋ!" ಎಂದು ಸೌಟು ಕುಟ್ಟಿ ನಕ್ಕಳು.

ಆಮೇಲೆ ತಮ್ಮ ಲೆಕ್ಕಾಚಾರ ಅರ್ಥವಾಯಿತು. ಬೇಸಿಗೆಯ ತರಬೇತಿ ಶಿಬಿರಗಳ ಪಟ್ಟಿಯಲ್ಲಿ ಯಾವ ಶಾಲೆಯ ಎಷ್ಟು ಹೆಸರುಗಳಿವೆಯೋ ಆ ಶಾಲೆಗೆ ಅಷ್ಟು ಪ್ರತಿಭೆ. ಲಿಂಡೆಲ್‌ನ ಹಳೆಯ ಹೆಸರುಗಳನ್ನು ಯಾರೂ ಅಳಿಸಿಲ್ಲ. ನಮ್ಮ ಹುಡುಗರ ಒಂದು ಹೆಸರೂ ಅಲ್ಲಿಲ್ಲ, ಏಕೆಂದರೆ ಬೇಸಿಗೆಯಿಡೀ ಅವರು, ಈ ಆಟವನ್ನು ಹುಟ್ಟುಹಾಕಿದ ಮೂಲನಿವಾಸಿಗಳಾದ ನಮ್ಮ ಒನೊಂಡಾಗ ಜನರ ಹಲಗೆ ಕಟ್ಟಿದ ಅಂಗಳದಲ್ಲಿ ಮಾವಂದಿರ ಮೊಣಕೈ ತಿವಿತ ತಿನ್ನುತ್ತ ಆಡುತ್ತಿರುತ್ತಾರೆ. ನಮ್ಮಲ್ಲಿ ಗಂಡು ಕೂಸಿನ ತೊಟ್ಟಿಲಲ್ಲೇ, ಚೆಂಡು ಹಿಡಿಯುವ ಬಲೆ ಕಟ್ಟಿದ ಪುಟ್ಟ ಮರದ ಕೋಲು ಇಡುತ್ತಾರೆ. ಆ ಕೋಲನ್ನು ನಾವು ಹೆಂಗಸರು ಮುಟ್ಟುವುದಿಲ್ಲ, ಹಾಗಾಗಿ ನನ್ನ ಪಾಲಿಗೆ ಅಂಕ ಬರೆಯುವ ಪೆನ್ಸಿಲ್ ಬಂತು. ಹಿಕರಿ ಮರ ಬಗ್ಗಿಸಿ ಕೋಲು ಮಾಡುವ ನನ್ನ ಅಣ್ಣ ಆರ್ವಿಲ್ ತಮ್ಮ ತೀರ್ಪು ಕೇಳಿ, "ನಮ್ಮಾಟಾನ ನಮಗೇ ಕಲ್ಸೋ ಶಿಬಿರಕ್ಕೆ ಹುಡುಗ್ರನ್ನ ಕಳಿಸ್ಬೇಕಿತ್ತು ಕಣೆ, ತಪ್ಪು ನಮ್ದೇ" ಅಂದ. ಎಲ್ವುಡ್ ಮಾತ್ರ ಒರೆಸಿದ ಹೆಲ್ಮೆಟ್ಟನ್ನೇ ಮತ್ತೆ ಮತ್ತೆ ಒರೆಸುತ್ತ ಕೂತಿದ್ದ. ಅದನ್ನು ನನ್ನಿಂದ ಸಹಿಸಲಾಗಲಿಲ್ಲ.

ತಾವು ಏಪ್ರಿಲ್‌ನಲ್ಲಿ ಒಮ್ಮೆ ನಮ್ಮ ಪಂದ್ಯಕ್ಕೆ ದಯಮಾಡಿಸಿದ್ದನ್ನೂ ಕೃತಜ್ಞತೆಯಿಂದ ನೆನೆಯುತ್ತೇನೆ. ಹಿಮ ಬೀಳುತ್ತಿದ್ದುದರಿಂದ ಕಾರಿನ ಗಾಜು ಏರಿಸಿಕೊಂಡು ಒಳಗೇ ಕೂತು, ಅರ್ಧ ಆಟಕ್ಕೆ ಮುಂಚೆಯೇ ಹೊರಟು, 'ವೇಗ ಸಾಲದು' ಎಂದು ಬರೆದಿರಿ. ಮಂಜು ಕವಿದ ಗಾಜಿನಾಚೆಯ ವೇಗವನ್ನು ಅಳೆದ ತಮ್ಮ ಕಣ್ಣುಗಳನ್ನು ನಮ್ಮ ಶಾಲೆಯ ವಿಜ್ಞಾನ ಕೊಠಡಿಗೆ ಎರವಲು ಕೊಡಬೇಕಾಗಿ ಕೋರುತ್ತೇನೆ. ಅದಾಗದಿದ್ದರೆ ನಮ್ಮನ್ನು ಆ ಒಂಬತ್ತನೇ ಸ್ಥಾನದ ಲಿಂಡೆಲ್ ಎದುರು ಆಡಿಸಿ. ಅವರು ಬರದಿದ್ದರೂ ನಾವು ಕಾಯುತ್ತೇವೆ.

ಇನ್ನೂ ಪೆನ್ಸಿಲ್ ಕೆಳಗಿಡದ, ತಮ್ಮ ವಿಶ್ವಾಸಿ,
ವೆರ್ನಾ ಪ್ರಿಂಟಪ್

ಮರೆತ ಮಾತು: ಗುಡ್ಡದ ಮೇಲಿನ ಕೂಟದ ಮೂವರು ಹುಡುಗರು ಪ್ರತಿ ಭಾನುವಾರ ನಮ್ಮ ಅಂಗಳಕ್ಕೆ ಆಡಲು ಬರುತ್ತಾರೆ. ಅವರಲ್ಲೊಬ್ಬ, "ಅಜ್ಜಿ, ನಮ್ಮಪ್ಪಂಗೆ ಮಾತ್ರ ಹೇಳ್ಬೇಡಿ" ಅಂದಿದ್ದಾನೆ, ಆದ್ದರಿಂದ ಹೆಸರು ಹೇಳುವುದಿಲ್ಲ. ಅಂಕಪಟ್ಟಿಯಲ್ಲಿ ಅವನನ್ನು ಜಿ. ವಿದರ್ಸ್ ಕಿರಿಯ ಎಂದು ಬರೆದುಕೊಂಡಿದ್ದೇನೆ. ಎಲ್ವುಡ್ ಎದುರು ಇನ್ನೂ ಒಂದು ಗೋಲೂ ಹೊಡೆದಿಲ್ಲ, ಆದರೂ ಪಾಪ, ಬಿಡದೆ ಬರುತ್ತಾನೆ. ತಮ್ಮ ಪಟ್ಟಿಯಲ್ಲಿ ಅವನ ಶಾಲೆಗೆ ಮೊದಲನೇ ಸ್ಥಾನವಿದೆ.