ಸ್ಟೇಜಿಗೆ ನೀರು ತಂದ ಮಾವ

ನಮ್ಮ ಮಾವ ಆಸ್ಪತ್ರೆಯ ವಾರ್ಡಿಗೆ ಕಾಲಿಟ್ಟರೆ ಸಾಕು, ಮಲಗಿದ್ದ ರೋಗಿಗಳು ಎದ್ದು ಕೂರುತ್ತಿದ್ದರು! ಮಾವ ಡಾಕ್ಟರಲ್ಲ, ಮಂತ್ರವಾದಿಯೂ ಅಲ್ಲ. ಕುಂದಾಪುರದ ಹತ್ತಿರದ ನಾವುಂದದಲ್ಲಿ ಸೈಕಲ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದ ನನ್ನ ತಾಯಿಯ ತಮ್ಮ. ವಿಷಯ ಏನೆಂದರೆ, ಅವರ ಹೆಗಲ ಚೀಲದಲ್ಲಿ ಯಾವಾಗಲೂ ಒಂದು ಬಾಟಲಿ ನೀರು, ಒಂದು ಸ್ಟೀಲ್ ಲೋಟ. ಸಾಯುವವರ ಬಾಯಿಗೆ ಒಂದು ಗುಟುಕು ನೀರು ಬೀಳಲೇಬೇಕು, ತನ್ನ ಕಣ್ಣೆದುರು ಯಾರೂ ಒಣ ಗಂಟಲಲ್ಲಿ ಹೋಗಬಾರದು ಎಂಬುದು ಅವರ ಹಠ. ಒಳ್ಳೆಯ ಹಠವೇ. ಆದರೆ ಮಂಚದ ಪಕ್ಕ ಕೂತು ಲೋಟ ಒರೆಸಲು ಶುರುಮಾಡಿದರೆ ರೋಗಿಯ ಗತಿ ಏನು?

ಒಮ್ಮೆ ಕುಂದಾಪುರದ ಆಸ್ಪತ್ರೆಯಲ್ಲಿ ನೆರೆಮನೆಯ ಅಜ್ಜಿಯೊಬ್ಬರು ಕೂಗಿಯೇಬಿಟ್ಟರು. "ಹ್ವಾಯ್, ನಂಗ್ ಬರೀ ಸೊಂಟ ನೋವ್! ಲೋಟ ಒಳ್ಗ್ ಇಡಿ ಮರಾಯ್ರೆ!"

ಯಕ್ಷಗಾನಕ್ಕೆ ಹೋದರೂ ಇದೇ ಕಥೆ. ಬಾಣ ತಾಗಿ ಬಿದ್ದ ವೇಷಧಾರಿ ಮಲಗಿದಲ್ಲೇ ಅರ್ಥದ ಮಾತು ಹೇಳುತ್ತಲೇ ಇದ್ದರೆ ಜನ ಕಣ್ಣೊರೆಸಿಕೊಳ್ಳುವರು. ಮಾವ ಮಾತ್ರ ನನ್ನ ತೊಡೆ ಚಿವುಟುವರು. "ಸಾಯುವನ್ ಇಷ್ಟ್ ಮಾತಾಡ್ರೆ ಗಂಟ್ಲ್ ಒಣ್ಗುದಿಲ್ದಾ? ಒಬ್ರಾರೂ ನೀರ್ ಕೊಡ್ತ್ರಾ ಕಾಣ್!"

ಇಂಥವರನ್ನು ನಾಟಕದ ಎದುರು ಸಾಲಿನಲ್ಲಿ ಕೂರಿಸಬಹುದೇ? ನಾವು ಕೂರಿಸಿದೆವು.

ಊರಲ್ಲಿ ಅಲ್ಲೊಂದು ಇಲ್ಲೊಂದು ಮೊಬೈಲ್ ಕಾಣಿಸತೊಡಗಿದ್ದ ಕಾಲ. ನಮ್ಮ ಯುವಕ ಮಂಡಲಕ್ಕೆ ಶಾಲೆಯ ಮೇಷ್ಟ್ರೊಬ್ಬರು ದುಃಖದ ನಾಟಕ ಬರೆದುಕೊಟ್ಟರು. ದೋಣಿಯ ಯಜಮಾನ ಸಾಯುತ್ತಿರುವಾಗ ಇಬ್ಬರು ಗಂಡುಮಕ್ಕಳು ದೋಣಿ ಯಾರಿಗೆಂದು ಜಗಳಾಡುವ ಕಥೆ. ನಾನು ಹತ್ತನೇ ಕ್ಲಾಸ್ ಪಾಸಾದದ್ದೇ ಮದುವೆಯಾದ ಮೇಲೆ. ಉದ್ದದ ಮಾತು ಬಾಯಿಪಾಠ ಬರುವುದಿಲ್ಲ. ಅದಕ್ಕೇ ಮೇಷ್ಟ್ರು ನನಗೆ ಸಾಯುವ ಅಪ್ಪನ ಪಾರ್ಟು ಕೊಟ್ಟರು. ಕೊನೆಯ ದೃಶ್ಯದಲ್ಲಿ ಒಂದೇ ಶಬ್ದ: "ನೀರು." ಮೂರು ಸಲ ಹೇಳಿ ಸಾಯುವುದು. ಸಾಯುವವರು ನೀರು ಕೇಳುವುದು ವಾಡಿಕೆಯೆಂದು ಹಾಗೆ ಬರೆದದ್ದಂತೆ, ಅದರಲ್ಲಿ ಬೇರೆ ಅರ್ಥವೇನೂ ಇಲ್ಲವಂತೆ.

ಪರದೆ ಏಳುವ ಮೊದಲು ಮೇಷ್ಟ್ರು ಮೈಕ್ ಹಿಡಿದು ನಾಟಕದ ಸಂದೇಶ ವಿವರಿಸಿದರು. ವ್ಯಾಮೋಹ, ಅಧಃಪತನ ಎಂದೆಲ್ಲ ಏನೇನೋ. ಜನ ಕಡಲೆ ತಿಂದರು.

ಕೊನೆಯ ದೃಶ್ಯ ಬಂತು. ನಾನು ಮಂಚದಲ್ಲಿ. ಹಿರಿಮಗ ದೋಣಿಯ ಹುಟ್ಟು ಎತ್ತಿ ಹಿಡಿದು ಗರ್ಜಿಸಿದ. ಕಿರಿಮಗನೂ ಗರ್ಜಿಸಿದ. ನಾನು "ನೀರು" ಎಂದೆ. ಗರ್ಜನೆ ನಿಲ್ಲಲಿಲ್ಲ. ಮತ್ತೊಮ್ಮೆ ಎಂದೆ. ಮೂರನೇ ಸಲ ಹೇಳಿ ಕಣ್ಣು ಮುಚ್ಚುವಷ್ಟರಲ್ಲಿ ಸ್ಟೇಜಿನ ಹಲಗೆ ಕಿರ್ರ್ ಎಂದಿತು.

ಮಾವ! ಚೀಲ ಸಮೇತ!

"ಹ್ವಾಯ್ ಮಕ್ಳೆ, ಅಪ್ಪಯ್ಯ ನೀರ್ ಕೇಂತಿದ್ದ. ದೋಣಿ ಎಂತ ಓಡಿ ಹೋತ್ತಾ?"

ಜನ ಹೋ ಎಂದು ನಕ್ಕರು. ಮಾವ ನನ್ನ ತಲೆ ಎತ್ತಿ ತೊಡೆಯ ಮೇಲಿಟ್ಟು ಲೋಟ ಬಾಯಿಗೆ ಹಿಡಿದರು. ಆ ಲೈಟಿನ ಬಿಸಿಗೆ ನನಗೆ ನಿಜಕ್ಕೂ ಬಾಯಾರಿತ್ತು. ಗಟಗಟ ಕುಡಿದೆ. "ಸಾಯಿ, ಬೇಗ ಸಾಯಿ ಮಾರಾಯ!" ಎಂದು ಮೇಷ್ಟ್ರು ಮರೆಯಿಂದ ಹಲ್ಲು ಕಡಿದರು. ನೀರು ಕುಡಿದು ಜೀವ ಬಂದವನು ಸಾಯುವುದು ಹೇಗೆ?

ಆದರೆ ಅಷ್ಟರಲ್ಲಿ ನಗು ನಿಂತಿತ್ತು. ಹಿರಿಮಗನ ಪಾರ್ಟಿನವನು ಹುಟ್ಟನ್ನು ಮೆಲ್ಲಗೆ ಕೆಳಗಿಟ್ಟ. ಅದು ಬರೆದ ನಾಟಕದಲ್ಲಿ ಇರಲಿಲ್ಲ. ಹೆಂಗಸರ ಕಡೆಯಿಂದ ಮೂಗೆಳೆದುಕೊಳ್ಳುವ ಸದ್ದು ಕೇಳಿತು. ನಾನು ಮಾವನ ತೊಡೆಯ ಮೇಲೆಯೇ ಸತ್ತೆ.

"ನಾಟ್ಕ ಹಾಳ್ ಮಾಡಿದ್ರಿ!" ಎಂದು ಪರದೆ ಬಿದ್ದ ಮೇಲೆ ಒಳಗೆ ಮೇಷ್ಟ್ರು ಮಾವನ ಮೇಲೆ ಹಾರಾಡಿದರು.

"ನಾಟ್ಕ ಅಂದ್ ನಂಗೂ ಗೊತ್ತಿತ್ತ್ ಮೇಷ್ಟ್ರೆ. ನಾನ್ ಎಂತ ಹೆಡ್ಡನಾ? ಆದ್ರೆ ಅವ ಮೂರ್ ಸಲ ಕೇಂಡ, ಅಲ್ದಾ?"

ಮರುದಿನ ಬಸ್‌ಸ್ಟ್ಯಾಂಡಿನಲ್ಲಿ ಮೀನು ಮಾರುವ ಹೆಂಗಸೊಬ್ಬರು ಬುಟ್ಟಿ ಇಳಿಸಿ, ನನ್ನ ಜೊತೆಗಿದ್ದ ಮೇಷ್ಟ್ರನ್ನು ನಿಲ್ಲಿಸಿದರು. "ನಾಟ್ಕ ಲಾಯ್ಕಿತ್ತ್ ಮೇಷ್ಟ್ರೆ. ಎರಡ್ ಗಂಡ್ ಮಕ್ಳಿದ್ದೂ ಅಪ್ಪಯ್ಯಂಗ್ ಒಂದ್ ಗುಟ್ಕ್ ನೀರಿಲ್ಲೆ ಅಂದ್ ಬರ್ದಿರಿ ಕಾಣಿ, ಹೊಟ್ಟಿ ಉರ್ದ್ ಹೋಯ್ತ್."

ಮೇಷ್ಟ್ರು ನನ್ನ ಮುಖ ನೋಡಿದರು. "ಹೌದನಾ? ನಾನ್ ಹಾಂಗ್ ಬರ್ದದ್ದಾ?"

ಈ ನೀರಿನ ಹುಚ್ಚು ಎಲ್ಲಿಂದ ಬಂತೆಂದು ಅಮ್ಮನನ್ನು ಕೇಳಿದೆ. ಅಮ್ಮ ಅಕ್ಕಿ ಆರಿಸುತ್ತಿದ್ದವಳು ಕೈ ನಿಲ್ಲಿಸಿದಳು. ಅವಳಿಗೂ ಮಾವನಿಗೂ ಒಬ್ಬ ಅಣ್ಣ ಇದ್ದನಂತೆ. ಮುಂಬೈಯ ಹೋಟೆಲಿನಲ್ಲಿ ಕೆಲಸ. ಜ್ವರ ಬಂದು ಹಿಂದಿನ ಕೋಣೆಯಲ್ಲಿ ಮಲಗಿದ್ದ; ಜೊತೆಯವರೆಲ್ಲ ಡ್ಯೂಟಿಯಲ್ಲಿದ್ದರು. ಸುದ್ದಿ ತಿಳಿದು ಮಾವ ಬಸ್ಸು ಹತ್ತಿ ಹೋಗಿ ಮುಟ್ಟುವಾಗ ಎಲ್ಲ ಮುಗಿದಿತ್ತು. ಚಾಪೆಯ ಪಕ್ಕ ಖಾಲಿ ಸ್ಟೀಲ್ ಲೋಟವೊಂದು ಉರುಳಿಕೊಂಡಿತ್ತು. ಮಾವ ಊರಿಗೆ ತಂದದ್ದು ಅದೊಂದನ್ನೇ.

ಕೆಲವು ವರ್ಷಗಳ ನಂತರ ಮಾವನೇ ಕುಂದಾಪುರದ ಅದೇ ಆಸ್ಪತ್ರೆಯಲ್ಲಿ ಮಲಗಿದರು. ನಾನು ಅವರ ಚೀಲ ಬಿಚ್ಚಿ, ಮಂಚದ ಪಕ್ಕ ಕೂತು ಲೋಟ ಒರೆಸತೊಡಗಿದೆ. ಮಾವ ಕಣ್ಣು ಬಿಟ್ಟು ಲೋಟ ನೋಡಿದರು, ನನ್ನನ್ನೂ ನೋಡಿದರು. ಥೇಟ್ ಆ ಅಜ್ಜಿಯ ನೋಟ!

"ಹೆದ್ರ್‌ಬೇಡಿ ಮಾವ. ನೀವ್ ಕೇಂಡ್ರೆ ಮಾತ್ರ ಕೊಡುದ್."

ಮಾವನ ತುಟಿ ನಕ್ಕಿತು.

"ಕೇಂಬುಕ್ ಮುಂಚೆಯೇ ಕೊಡ್ಬೇಕ್ ಮಾರಾಯ."

ಕೊಟ್ಟೆ.